ನಕ್ಷೆಯಲ್ಲಿಲ್ಲದ ಕಲ್ಲು

"ಇನ್ನೊಂದು ಗೇಣು ಅಗೀರಿ," ಎಂದ ಉಜ್ಜಪ್ಪ.

ಹಾರೆ ಹಿಡಿದಿದ್ದ ಆಳು ಬೆವರೊರೆಸಿಕೊಂಡು ಸರ್ವೆಯರ್ ರಾಮಪ್ಪನ ಮುಖ ನೋಡಿದ. ಹಳೆಯ ದಾಖಲೆಯ ಪ್ರಕಾರ ಸರಪಳಿ ಹಿಡಿದು ಅಳೆದು ಗುರುತು ಹಾಕಿದ ಜಾಗದಲ್ಲಿ ಮೊಣಕಾಲುದ್ದದ ಗುಂಡಿಯಾಗಿತ್ತು. ಅಲ್ಲಿರಬೇಕಾಗಿದ್ದ ಗಡಿಕಲ್ಲಿನ ಸುಳಿವೇ ಇರಲಿಲ್ಲ. ರಾಮಪ್ಪ ತಲೆಯಾಡಿಸಿದ. ಮತ್ತೆ ನಾಲ್ಕು ಏಟು ಬಿದ್ದ ಮೇಲೆ ಕೆಮ್ಮಣ್ಣಿನ ನಡುವೆ ಕಪ್ಪು ಕಾಣಿಸಿತು. ಆಳು ಕೈ ಹಾಕಿ ತೆಗೆದ. ಒಂದು ಬೊಗಸೆ ಇದ್ದಿಲು, ಜೊತೆಗೆ ಮಡಕೆಯ ನಾಲ್ಕು ಚೂರು. ನಿನ್ನೆ ತಾನೆ ಒಲೆಯಿಂದ ತೆಗೆದು ತಂದಂತಿತ್ತು.

ಬೆಳಗಿನಿಂದ ಇದು ಐದನೆಯದು. ಮೊದಲನೆಯ ಮೂಲೆಯಲ್ಲಿ ಇದ್ದಿಲು ಸಿಕ್ಕಾಗ ರಾಮಪ್ಪ ಅದನ್ನು ಯಾರೋ ದನ ಕಾಯುವವರು ಹಾಕಿದ ಬೆಂಕಿ ಎಂದುಕೊಂಡಿದ್ದ. ಎರಡನೆಯದರಲ್ಲಿ ದಾಖಲೆಯನ್ನು ಇನ್ನೊಮ್ಮೆ ತೆರೆದು ನೋಡಿದ. ಮೂರನೆಯದರಲ್ಲಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಈಗ ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಆ ಇದ್ದಿಲನ್ನು ಮುಟ್ಟಿ ನೋಡಿದ. ಗಡಿಕಲ್ಲಿನ ಬುಡಕ್ಕೆ ಇದ್ದಿಲು ಹಾಕುವ ಪದ್ಧತಿ ಹಿಂದಿನ ಕಾಲದಲ್ಲಿತ್ತು ಎಂದು ಅವನು ತರಬೇತಿಯಲ್ಲಿ ಕೇಳಿದ್ದ. ಕಲ್ಲನ್ನು ಯಾರಾದರೂ ಕಿತ್ತೊಗೆಯಬಹುದು. ಇದ್ದಿಲು ಮಾತ್ರ ಕೊಳೆಯುವುದಿಲ್ಲ, ಗೆದ್ದಲು ಅದನ್ನು ತಿನ್ನುವುದಿಲ್ಲ. ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ಒಂದೇ ಜಮೀನಿನ ಐದು ಮೂಲೆಯಲ್ಲಿ ಅದನ್ನು ಕಂಡದ್ದು ಇದೇ ಮೊದಲು.

"ಯಾರು ಹಾಕಿದ್ದು ಇದನ್ನ?" ಎಂದು ಕೇಳಿದ.

ಉಜ್ಜಪ್ಪ ಸ್ವಲ್ಪ ದೂರದಲ್ಲಿ ಸೆರಗು ಹೊದ್ದು ನಿಂತಿದ್ದ ಹುಲಿಯಮ್ಮನ ಕಡೆ ತಿರುಗಿದ. "ಇವಳ ಗಂಡ," ಎಂದ. "ಸಾಯೋ ವಾರದಾಗ. ನಾನು ಬುಟ್ಟಿ ಹೊತ್ತಿದ್ದೆ, ಅವನು ಅಗದ. ಸರ್ಕಾರದ ಸರಪಳಿ ಬರೋತನಕ ಬಾಯಿ ಬಿಡಬ್ಯಾಡ ಅಂದಿದ್ದ. ಬಿಟ್ಟಿಲ್ರಿ."

ಹದಿನೇಳು ವರ್ಷ ಅವನು ಬಾಯಿ ಬಿಟ್ಟಿರಲಿಲ್ಲ. ಹೆಂಡತಿಗೆ ಹೇಳಿರಲಿಲ್ಲ, ಹುಲಿಯಮ್ಮನಿಗೂ ಹೇಳಿರಲಿಲ್ಲ. ಕಂಚಿಹಾಳದ ಕೇರಿಯಲ್ಲಿ ಉಜ್ಜಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಮಕ್ಕಳು ಕೂಡ ಹಾಸ್ಯ ಮಾಡುತ್ತಿದ್ದರು. ಆ ಹೊಟ್ಟೆಯಲ್ಲಿ ಇದೊಂದು ಇಷ್ಟು ವರ್ಷ ಕೂತಿತ್ತು ಎಂದು ತಿಳಿದು ಹುಲಿಯಮ್ಮ ಅವನನ್ನು ಹೊಸಬನನ್ನು ನೋಡಿದ ಹಾಗೆ ನೋಡಿದಳು.

ಉಚ್ಚಂಗಪ್ಪನ ಹೆಸರು ಆ ಕಾಲದಲ್ಲಿ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಕೇರಿಗಳಿಗೆ ಗೊತ್ತಿತ್ತು. ಅವನು ಓದಿದ್ದು ಏಳನೇ ಇಯತ್ತೆ. ಸಂಜೆ ಹೊತ್ತು ಕೇರಿಯ ಕಟ್ಟೆಯ ಮೇಲೆ ದೊಡ್ಡವರಿಗೆ ಪಾಠ ಹೇಳುತ್ತಿದ್ದ. ಅಲ್ಲಿ ಅ ಆ ಇ ಈ ಇರಲಿಲ್ಲ, ನೇರವಾಗಿ ಪಹಣಿಯೇ ಪಾಠ. ಒಂಬತ್ತನೇ ಕಾಲಂ ಯಾರ ಹೆಸರಿನಲ್ಲಿದೆ ನೋಡಿ, ಹನ್ನೆರಡನೇ ಕಾಲಂನಲ್ಲಿ ಉಳುವವನ ಹೆಸರು ಬಂದಿದೆಯೇ ನೋಡಿ ಎನ್ನುತ್ತಿದ್ದ. ಉಜ್ಜಪ್ಪನಿಗೆ ಬಸ್ಸಿನ ಬೋರ್ಡು ಓದಲು ಇಂದಿಗೂ ಕಷ್ಟ, ಪಹಣಿ ಮಾತ್ರ ಗುಮಾಸ್ತರಿಗಿಂತ ಚೆನ್ನಾಗಿ ಓದುತ್ತಾನೆ. ಗೇಣಿದಾರರ ಅರ್ಜಿಗಳನ್ನು ಬರೆದುಕೊಡುತ್ತ ಉಚ್ಚಂಗಪ್ಪ ಆನವಟ್ಟಿಯ ಸಂತೆಯಿಂದ ಅಂಜನಾಪುರದವರೆಗೆ ಊರೂರು ನಡೆದಿದ್ದ. ಕೊನೆಗೆ ಹಿಡಿದದ್ದು ತನ್ನ ಊರಿನ ಸ್ಮಶಾನದ ಕೆಲಸ. ಸರ್ವೆ ನಂಬರ್ ಅರವತ್ತೊಂದು, ಎರಡು ಎಕರೆ ಹತ್ತು ಗುಂಟೆ. ದಾಖಲೆಯಲ್ಲಿ ಅದು ಕೇರಿಯ ಸ್ಮಶಾನ. ನೆಲದ ಮೇಲೆ ಅದರ ಅರ್ಧ ಪಕ್ಕದ ಜಮೀನಿನ ಮಹೇಶ್ವರಪ್ಪಗೌಡರ ಹೊಲದೊಳಗೆ ಸೇರುತ್ತಾ ಬಂದಿತ್ತು. ಕಲ್ಲುಗಳಿಗೆ ಕಾಲು ಬರುತ್ತವೆ ಎಂದು ಉಚ್ಚಂಗಪ್ಪ ನಗುತ್ತಿದ್ದ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅವನ ಹೆಣ ಎರಡು ಮೈಲಿ ಆಚೆ ಅಂಜನಾಪುರದ ಕಾಲುವೆಯಲ್ಲಿ ಸಿಕ್ಕಿತು. ತಲೆಯ ಹಿಂದೆ ಕೊಡಲಿಯ ಗಾಯವಿತ್ತು. ಗೌಡರ ಮೇಲೆ, ಅವರ ಇಬ್ಬರು ಆಳುಗಳ ಮೇಲೆ ಕೇಸಾಯಿತು, ಮೂರು ವರ್ಷ ನಡೆಯಿತು. ಗೌಡರ ಕಡೆಯ ವಕೀಲರು ಹುಲಿಯಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸಿ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರು. ಎಲ್ಲಿ ಕೊಂದರಮ್ಮ? ಯಾವ ಜಾಗ? ನೀನು ನೋಡಿದ್ದೀಯಾ? ಯಾರಾದರೂ ನೋಡಿದ್ದಾರಾ? ಕಾಲುವೆಯ ನೀರಿನಲ್ಲಿ ರಕ್ತ ಎಲ್ಲಿಯದೆಂದು ಹೇಳುವವರು ಯಾರು? ಕೊಲೆ ನಡೆದ ಜಾಗವೇ ಸಾಬೀತಾಗಿಲ್ಲ ಎಂದು ಮೂವರೂ ಬಿಡುಗಡೆಯಾದರು.

ಅಂದಿನಿಂದ ಅವಳಿಗೆ ಆ ಒಂದು ಪ್ರಶ್ನೆ ಉಳಿದುಬಿಟ್ಟಿತು. ಶಿಕ್ಷೆಯ ಆಸೆ ಬರುಬರುತ್ತಾ ಬಿಟ್ಟುಹೋಗಿತ್ತು. ಗೌಡರೇ ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಎಲ್ಲಿ ಎಂಬುದು ಮಾತ್ರ ಹೋಗಲಿಲ್ಲ. ಕೂಲಿಗೆ ಹೋಗುವ ನರ್ಸರಿಯಲ್ಲಿ ಸಸಿಯ ಚೀಲಗಳಿಗೆ ಮಣ್ಣು ತುಂಬುತ್ತಾ ಕೂತಾಗ, ಈ ಮಣ್ಣು ಎಲ್ಲಿಂದ ತಂದರೋ, ಅವನ ರಕ್ತ ಇದರಲ್ಲೇನಾದರೂ ಇದೆಯೋ ಎಂದು ಕೈ ನಿಲ್ಲುತ್ತಿತ್ತು. ಪ್ರತಿವರ್ಷ ಅವನು ಸತ್ತ ದಿನ ಶಿಕಾರಿಪುರದಲ್ಲಿ ಸಂಘಟನೆಯವರು ಅವನ ಫೋಟೋಗೆ ಹಾರ ಹಾಕಿ ಭಾಷಣ ಮಾಡುತ್ತಿದ್ದರು. ಅವಳನ್ನೂ ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅವನ ರಕ್ತ ವ್ಯರ್ಥವಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಸಾಕು, ಅದು ಬಿದ್ದದ್ದೆಲ್ಲಿ ಹೇಳಪ್ಪ ಎಂದು ಎದ್ದು ಕೇಳಬೇಕೆನಿಸುತ್ತಿತ್ತು. ಕೇಳುತ್ತಿರಲಿಲ್ಲ, ಕೊಟ್ಟ ಪಾನಕ ಕುಡಿದು ಬಸ್ಸು ಹತ್ತುತ್ತಿದ್ದಳು.

ಸ್ಮಶಾನದ ಅರ್ಜಿಯನ್ನು ಅವಳು, ಉಜ್ಜಪ್ಪ ಸೇರಿ ಬಿಡದೆ ಹಾಕುತ್ತಾ ಬಂದಿದ್ದರು. ಹಿಂದೆ ಬಂದ ಇಬ್ಬರು ಸರ್ವೆಯವರು ಗೌಡರ ಜಗಲಿಯಲ್ಲಿ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಬಿಸಿಲು ಜಾಸ್ತಿಯೆಂದು ಹೋಗಿದ್ದರು. ಈ ಸಲ ಸೊರಬದಿಂದ ರಾಮಪ್ಪನನ್ನು ಹಾಕಿದ್ದರು. ಅವನು ಬೆಳಗಿನ ಬಸ್ಸಿಗೆ ಇಳಿದು, ಗೌಡರ ಮನೆಯಿಂದ ಬಂದ ಕಾಫಿಯನ್ನು ಬೇಡವೆಂದು, ಹುಣಸೆಮರದ ಕೆಳಗೆ ಕೂತು ತನ್ನ ಬುತ್ತಿ ತಾನೇ ಬಿಚ್ಚಿದ್ದ. ಆಗಲೇ ಕೇರಿಯವರಿಗೆ ಇವನು ಬೇರೆ ಜಾತಿಯ ಸರ್ವೆಯರ್ ಎನಿಸಿತ್ತು; ಹುಟ್ಟಿನ ಜಾತಿಯಲ್ಲ, ಊಟದ ಜಾತಿ.

ಈಗ ಉಳಿದದ್ದು ಆರನೇ ಮೂಲೆ. ಅದು ಗೌಡರ ಕಬ್ಬಿನ ಆಚೆಗಿತ್ತು.

ಆರನೆಯದರಲ್ಲಿ ಇದ್ದಿಲು ಇರುವುದಿಲ್ಲ ಎಂದು ಉಜ್ಜಪ್ಪ ಮೊದಲೇ ಹೇಳಿದ. ಅದನ್ನು ಹಾಕಬೇಕಿದ್ದ ದಿನ ಉಜ್ಜಪ್ಪನ ಹೆಂಡತಿಗೆ ಸೊರಬದ ತವರಿನಲ್ಲಿ ಹೆರಿಗೆಯ ನೋವು ಬಂದಿತ್ತು. ನೀನು ಹೋಗಿ ಬಾ, ಬಂದ ಮೇಲೆ ಆರನೆಯದು ಹಾಕೋಣ ಎಂದು ಉಚ್ಚಂಗಪ್ಪನೇ ಬಸ್ಸು ಹತ್ತಿಸಿದ್ದನಂತೆ. ಮಗು ನೋಡಿಕೊಂಡು ಬರುವಷ್ಟರಲ್ಲಿ ಕಾಲುವೆಯಿಂದ ಹೆಣ ತೆಗೆದಿದ್ದರು.

ಮಹೇಶ್ವರಪ್ಪನವರ ಮಗ ಚನ್ನೇಶ್ ಬದುವಿನ ಮೇಲೆ ಬೈಕು ನಿಲ್ಲಿಸಿಕೊಂಡು ಬೆಳಗಿನಿಂದ ನೋಡುತ್ತಿದ್ದ. ಇದ್ದಿಲು ಒಂದೊಂದೇ ಸಿಗುತ್ತಾ ಹೋದ ಹಾಗೆ ಅವನ ಮಾತು ಕಡಿಮೆಯಾಗಿತ್ತು. ಕಬ್ಬಿನಲ್ಲಿ ದಾರಿ ಮಾಡಬೇಕು ಎಂದಾಗ ಬೆಳೆ ಹಾಳಾಗುತ್ತದೆ ಎಂದ. ಒಂದು ಸಾಲು ಮಾತ್ರ ಎಂದ ರಾಮಪ್ಪ. ಕುಡುಗೋಲು ಹಿಡಿದ ಇಬ್ಬರು ಮುಂದೆ ಸಾಗಿದರು, ಅವರ ಹಿಂದೆ ಸರಪಳಿ, ಅದರ ಹಿಂದೆ ರಾಮಪ್ಪ, ಉಜ್ಜಪ್ಪ, ಕೇರಿಯ ಹತ್ತಾರು ಜನ. ಹುಲಿಯಮ್ಮ ಎಲ್ಲರಿಗಿಂತ ಹಿಂದೆ ಬಂದಳು. ಹದಿನೇಳು ವರ್ಷದಲ್ಲಿ ಅವಳು ಆ ಹೊಲಕ್ಕೆ ಕಾಲಿಟ್ಟಿದ್ದು ಅದೇ ಮೊದಲು.

ಕಬ್ಬಿನ ನಡುವೆ ಒಂದು ಕಣದಷ್ಟು ಜಾಗ ಬೋಳಾಗಿತ್ತು. ಗುಡಿಸಿ ಸಾರಿಸಿದ್ದರು. ನಟ್ಟ ನಡುವೆ ಮೊಣಕಾಲೆತ್ತರದ ಒಂದು ಕಲ್ಲು, ಅದರ ಮೈಗೆ ಅರಿಶಿನ ಕುಂಕುಮ, ಬುಡದಲ್ಲಿ ಒಣಗಿದ ಚೆಂಡುಹೂವು. ಮುಂದೆ ಬಾಳೆ ಎಲೆಯ ತುಂಡು, ಅದರ ಮೇಲೆ ಒಂದು ಬೆಳ್ಳಿಯ ಲೋಟ. ಲೋಟದಲ್ಲಿ ನೀರಿತ್ತು.

"ಇದೇನು? ನಕ್ಷೇಲಿ ಇಲ್ಲ," ಎಂದ ರಾಮಪ್ಪ.

ಅದು ಭೂತಪ್ಪನ ಕಲ್ಲು ಎಂದು ಉಜ್ಜಪ್ಪ ಹೇಳಿದ. ಕಬ್ಬು ಕಡಿಯಲು ಬಂದ ಕೇರಿಯವರೆಲ್ಲ ಅದಕ್ಕೆ ಕೈ ಮುಗಿದೇ ಕೆಲಸಕ್ಕೆ ಇಳಿಯುತ್ತಿದ್ದರು. ಆದರೆ ಹೊಲದ ಭೂತಪ್ಪನಿಗೆ ಬೆಳ್ಳಿ ಲೋಟ ಇಡುವುದನ್ನು ರಾಮಪ್ಪ ಸೊರಬ ಸೀಮೆಯಲ್ಲಿ ಎಲ್ಲೂ ಕಂಡಿರಲಿಲ್ಲ. ಸರಪಳಿಯ ಗೆರೆ ಕಲ್ಲಿಗೆ ಒಂದು ಮಾರು ದೂರದಲ್ಲಿ ಹಾಯುತ್ತಿತ್ತು. ಕಲ್ಲು ಗೆರೆಯ ಈಚೆಗೆ, ಸ್ಮಶಾನದ ಒಳಗೆ ಬರುತ್ತಿತ್ತು. ಅವನು ಹಾಗೆ ಹೇಳಿದ್ದೇ ತಡ, ಚನ್ನೇಶ್ ಮುಂದೆ ಬಂದು ತನ್ನ ಆಳಿಗೆ ಅದನ್ನು ಕಿತ್ತು ಆಚೆ ಇಡು ಎಂದ. ಹಾಳು ಕಲ್ಲೊಂದಕ್ಕೆ ಇಷ್ಟು ಹೊತ್ತು ಏಕೆ ಎಂದ. ಆಳು ಹಾರೆ ಹಾಕಿದ.

ಕಬ್ಬಿನ ಆಚೆ ತುದಿಯಲ್ಲೇ ಗೌಡರ ಮನೆಯ ಹಿತ್ತಿಲು. ಜನರ ಸದ್ದು ಕೇಳಿ ಅಲ್ಲಿ ಬಂದು ನಿಂತಿದ್ದ ಚನ್ನೇಶನ ತಾಯಿ ಸರ್ವಮಂಗಳಮ್ಮ ಹಾರೆಯ ಶಬ್ದಕ್ಕೆ ಕಬ್ಬಿನೊಳಗೆ ನುಗ್ಗಿದರು. ಎಪ್ಪತ್ತರ ಹೆಂಗಸು. ಸೆರಗು ಗರಿಗೆ ಸಿಕ್ಕಿ ಹರಿಯಿತು, ನಿಲ್ಲಲಿಲ್ಲ. ಬಂದವರೇ ಎರಡೂ ಕೈಯಿಂದ ಕಲ್ಲನ್ನು ತಬ್ಬಿ ಕೂತುಬಿಟ್ಟರು.

"ಅದನ್ನ ಮುಟ್ಟಬ್ಯಾಡ್ರಿ," ಎಂದರು. "ಮುಟ್ಟಿದ್ರೆ ಅವನು ಮನಿಯೊಳಗೆ ಬರ್ತಾನ."

"ಅಮ್ಮಾ, ಎದ್ದು ಒಳಗೆ ನಡಿ," ಎಂದ ಚನ್ನೇಶ್.

ಯಾರು ಬರುತ್ತಾರೆ ಎಂದು ರಾಮಪ್ಪ ಕೇಳಿದ. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಸರ್ವಮಂಗಳಮ್ಮ ಸುತ್ತ ನೋಡಿದರು, ಗುಂಪಿನ ಕೊನೆಗೆ ನಿಂತಿದ್ದ ಹುಲಿಯಮ್ಮನ ಮೇಲೆ ಕಣ್ಣು ನಿಂತಿತು. ಕಲ್ಲನ್ನು ತಬ್ಬಿದ್ದ ಕೈ ಸಡಿಲವಾಯಿತು.

"ನಿನ್ ಗಂಡ," ಎಂದರು. "ಇಲ್ಲೇ ಬಿದ್ದಿದ್ದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಗೌಡರ ಮನೆ ಹದಿನೇಳು ವರ್ಷ ಹೆಗಲು ಮುಟ್ಟಿಕೊಂಡೇ ಇತ್ತು. ವಕೀಲರು ಇಲ್ಲವೆಂದು ಸಾಧಿಸಿದ ಜಾಗದಲ್ಲಿ ಇವರು ಕಲ್ಲು ನಿಲ್ಲಿಸಿ, ಅಮಾವಾಸ್ಯೆಗೆ ಅಮಾವಾಸ್ಯೆಗೆ ಎಡೆ ಇಟ್ಟು, ಸುತ್ತ ಸಾರಿಸಿ, ಸೂಜಿಯಷ್ಟೂ ಅತ್ತಿತ್ತ ಆಗದಂತೆ ಕಾಯ್ದುಕೊಂಡು ಬಂದಿದ್ದರು. ಪೊಲೀಸರು ಹುಡುಕಿ ಸಿಗದದ್ದನ್ನು ಭಯ ಎಷ್ಟು ಜೋಪಾನ ಮಾಡಿತ್ತು!

ಸರ್ವಮಂಗಳಮ್ಮ ಒಂದೊಂದಾಗಿ ಹೇಳಿದರು. ಗೌಡರು ಸಾಯುವ ಮುಂಚೆ ಹಾಸಿಗೆಯಲ್ಲಿ ಎಲ್ಲವನ್ನೂ ಹೇಳಿದ್ದರಂತೆ, ಅದಕ್ಕೂ ಮೊದಲೇ ಈಕೆಗೆ ಅರ್ಧ ಗೊತ್ತಿತ್ತಂತೆ. ಜಮೀನಿನ ದ್ವೇಷ ಇದ್ದೇ ಇತ್ತು. ಆ ದಿನ ಮುಳುಗುವ ಹೊತ್ತಿನಲ್ಲಿ ಉಚ್ಚಂಗಪ್ಪ ಒಬ್ಬನೇ ಹೊಲದಂಚಿನಲ್ಲಿ ನಡೆದು ಬರುತ್ತಿದ್ದ. ಕೈಯಲ್ಲಿ ಹಾರೆ, ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಇದ್ದಿಲು ಮತ್ತು ಮಡಕೆಯ ಚೂರು. ಸ್ಮಶಾನದಿಂದ ಬರುತ್ತಿರುವವನ ಹತ್ತಿರ ಅದನ್ನು ಕಂಡ ಗೌಡರಿಗೆ, ಆಳುಗಳಿಗೆ ತೋಚಿದ್ದು ಒಂದೇ. ಇವನು ನಮ್ಮ ಹೊಲದಲ್ಲಿ ಮಾಟ ಹೂಳಲು ಬಂದಿದ್ದಾನೆ. ಇಲ್ಲೇ ಕಡಿದು, ರಾತ್ರಿ ಹೆಣವನ್ನು ಕಾಲುವೆಗೆ ಒಯ್ದು ಹಾಕಿದ್ದರು.

"ನಮ್ ಮನಿ ಹಾಳಾಗ್ಲಿ ಅಂತ ಹೂಳ್ತಾನ ಅಂದ್ಕಂಡ್ರು," ಎಂದರು. "ನನಗೂ ಹಂಗಾ ಅನಸಿತ್ತು. ಅದು ಗಡಿಯ ಇದ್ದಿಲು ಅನ್ನೋದು ಇವತ್ತು ಮೂಲಿ ಮೂಲಿಗೂ ಸಿಕ್ತು ಅಂತ ಕೇಳಿದ ಮ್ಯಾಲೆ ಗೊತ್ತಾತು."

ಉಜ್ಜಪ್ಪ ಅಲ್ಲೇ ನೆಲದ ಮೇಲೆ ಕೂತ. ಬುಟ್ಟಿಯ ವಿಷಯ ಈ ಭೂಮಿಯ ಮೇಲೆ ತನಗೆ ಮಾತ್ರ ಗೊತ್ತು ಎಂದು ಇಷ್ಟು ವರ್ಷ ಅಂದುಕೊಂಡಿದ್ದ. ನಾನು ಬರುವವರೆಗೆ ಕಾಯಲಿಲ್ಲವಲ್ಲ, ಒಬ್ಬನೇ ಹೊತ್ತು ಬಂದನಲ್ಲ ಎಂದು ಮತ್ತೆ ಮತ್ತೆ ಹೇಳಿಕೊಂಡ. ಆ ಮಾತಿನಲ್ಲಿ ಅಳುವಿಗಿಂತ ಹೆಮ್ಮೆಯೇ ಜಾಸ್ತಿ ಇತ್ತು. ಆಮೇಲೆ ಅಳು ಬಂತು.

ಹುಲಿಯಮ್ಮ ಗುಂಪನ್ನು ದಾಟಿ ಬಂದಳು. ಕಲ್ಲಿನ ಈಚೆ ಬದಿ ಕೂತಳು, ಸರ್ವಮಂಗಳಮ್ಮನ ಎದುರಿಗೆ. ಇಬ್ಬರ ನಡುವೆ ಆ ಲೋಟವಿತ್ತು.

"ಸಾಯೋ ಮುಂದ ಏನಾರ ಅಂದ್ರಾ ನಮ್ಮವ್ರು?" ಎಂದು ಕೇಳಿದಳು.

"ನೀರು ಕೇಳಿದ್ನಂತ," ಎಂದರು ಸರ್ವಮಂಗಳಮ್ಮ.

"ಕೊಟ್ರಾ?"

ಅವರು ಲೋಟದ ಕಡೆ ನೋಡಿದರು ಅಷ್ಟೆ.

ಹುಲಿಯಮ್ಮನಿಗೆ ಒಮ್ಮೆಗೇ ಸಿಟ್ಟು ಉಕ್ಕಿತು. ಆ ಲೋಟವನ್ನು ಎತ್ತಿ ಎಸೆಯಬೇಕೆನಿಸಿತು. ಹೆಂಡತಿ ಎನಿಸಿಕೊಂಡ ತಾನು ಎಡೆ ಇಡಲು ಜಾಗ ಗೊತ್ತಿಲ್ಲದೆ ಪಿತೃಪಕ್ಷದಲ್ಲಿ ಗೋಡೆಗೆ ಮುಖ ಮಾಡಿ ಅನ್ನ ಇಡುತ್ತಿದ್ದರೆ, ಕೊಂದವರ ಮನೆಯ ಹೆಂಗಸು ಹದಿನೇಳು ವರ್ಷ ಅವನಿಗೆ ನೀರು ಕೊಟ್ಟಿದ್ದಾಳೆ. ಹೊಟ್ಟೆಕಿಚ್ಚು ಎಂದರೂ ಸರಿ, ಅದೂ ಇತ್ತು. ಆದರೆ ಅದೆಲ್ಲಕ್ಕಿಂತ ದೊಡ್ಡದೊಂದು ಎದೆಯಲ್ಲಿ ಬಂದು ನಿಂತಿತು. ಇಲ್ಲಿ. ಈ ಸಾರಿಸಿದ ನೆಲ. ಕಟಕಟೆಯಲ್ಲಿ ನಾಲ್ಕು ಸಲ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿ ಇತ್ತು, ಅವಳ ಮನೆಯಿಂದ ಕೂಗಳತೆಯಲ್ಲಿ. ಅವನು ಕಾಲುವೆಯಲ್ಲಿ ಸತ್ತವನಲ್ಲ. ಯಾವ ನೆಲವನ್ನು ಕೇರಿಯದು ಎಂದಿದ್ದನೋ ಅದೇ ನೆಲದ ಮೇಲೆ ಬಿದ್ದಿದ್ದ.

ಅವಳು ಅಂಗೈಯನ್ನು ನೆಲಕ್ಕೆ ಊರಿ ಇಟ್ಟಳು. ಬಿಸಿಲಿಗೆ ಮಣ್ಣು ಬೆಚ್ಚಗಿತ್ತು.

ಇನ್ನು ಕೇಸು ಮತ್ತೆ ತೆಗೆಯಬಹುದೇ ಎಂದು ಯಾರೋ ರಾಮಪ್ಪನನ್ನು ಕೇಳಿದರು. ಖುಲಾಸೆಯಾದ ಕೇಸು, ಮುಖ್ಯ ಆರೋಪಿ ಇಲ್ಲ, ನಾನು ವಕೀಲನೂ ಅಲ್ಲ ಎಂದ ಅವನು. ಹಾಗೆ ಹೇಳಿ ಅವನಿಗೇ ನಾಚಿಕೆಯಾಯಿತು. ನೌಕರಿಗೆ ಸೇರಿದ ಹೊಸತರಲ್ಲಿ ಆನವಟ್ಟಿಯ ಸಂತೆಯಲ್ಲಿ ಎಣ್ಣೆಯ ಡಬ್ಬದ ಮೇಲೆ ನಿಂತು ಪಹಣಿ ಓದುವುದನ್ನು ಹೇಳಿಕೊಡುತ್ತಿದ್ದ ಒಬ್ಬ ಸಣಕಲ ಮನುಷ್ಯನನ್ನು ಅವನು ನೋಡಿದ್ದ. ಹೆಸರು ಕೇಳಿರಲಿಲ್ಲ. ಈಗ ಕೇಳುವ ಅಗತ್ಯವಿರಲಿಲ್ಲ. ಅಂಥವನು ನಡೆದ ಗೆರೆಯ ಮೇಲೆ ತಾನು ಸರಪಳಿ ಎಳೆಯುತ್ತಿದ್ದೇನೆ ಎನಿಸಿತು.

ಅವನು ಚೀಲದಿಂದ ನಕ್ಷೆಯ ಹಾಳೆ ತೆಗೆದ. ಜಮೀನಿನೊಳಗೆ ಬಾವಿ, ಗುಡಿ, ಪೂಜೆಯ ಕಲ್ಲು ಏನಿದ್ದರೂ ನಕ್ಷೆಯಲ್ಲಿ ತೋರಿಸಬೇಕು, ಅದು ನಿಯಮ ಎಂದ. ಭೂತಪ್ಪನ ಕಲ್ಲು ಎಂದು ಬರೆಯಿರಿ ಸಾಕು ಎಂದ ಚನ್ನೇಶ್. ಆ ದನಿಯಲ್ಲಿ ಗತ್ತು ಉಳಿದಿರಲಿಲ್ಲ. ಕೊಲೆಯಾದಾಗ ಅವನಿಗೂ ಹದಿನೇಳು ವರ್ಷ. ಅಂದಿನಿಂದ ಅವನೂ ಪ್ರತಿ ಅಮಾವಾಸ್ಯೆ ಈ ಕಲ್ಲಿನ ಮುಂದೆ ನಿಂತು ಬಂದವನು.

"ಸುಳ್ಳು ಬರೀಬ್ಯಾಡ್ರಿ," ಎಂದರು ಸರ್ವಮಂಗಳಮ್ಮ. "ಉಚ್ಚಂಗಪ್ಪ ಬಿದ್ದ ಜಾಗ ಅಂತ ಬರೀರಿ. ನಾ ಸಹಿ ಮಾಡ್ತೀನಿ."

ರಾಮಪ್ಪ ಒಂದು ಕ್ಷಣ ಮೇಲಧಿಕಾರಿಗಳ ಮುಖಗಳನ್ನು ನೆನೆದಿರಬೇಕು. ಆಮೇಲೆ ಪೆನ್ಸಿಲ್ ಚೂಪು ಮಾಡಿ ಹಾಗೆಯೇ ಬರೆದ. ಸರ್ವಮಂಗಳಮ್ಮ ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಮಹಜರಿನ ಕೆಳಗೆ ನಿಧಾನವಾಗಿ ಪೂರ್ತಿ ಹೆಸರು ಬರೆದರು. ಚನ್ನೇಶ್ ಆಚೆ ಮುಖ ಮಾಡಿ ನಿಂತಿದ್ದ. ತಡೆಯಲಿಲ್ಲ.

ಆರನೇ ಮೂಲೆಯನ್ನು ದಾಖಲೆಯ ಅಳತೆಯ ಮೇಲೆ ಗುರುತಿಸಿ ಅಗೆದರು. ಸೊಂಟದುದ್ದ ಅಗೆದರೂ ಬರೀ ಕೆಂಪು ಮಣ್ಣೇ ಬಂತು. ಇನ್ನೊಂದು ಗೇಣು ಎಂದು ಯಾರೂ ಹೇಳಲಿಲ್ಲ.

ನಕ್ಷೆಯಲ್ಲಿ ಕಲ್ಲನ್ನು ಕೂರಿಸಲು ಅಲ್ಲಿಂದ ಮೂಲೆಗೆ ಎಷ್ಟು ದೂರ ಎಂದು ಅಳೆಯಬೇಕಿತ್ತು. ಆಳು ಸರಪಳಿಯ ಹಿಡಿಯನ್ನು ಕಲ್ಲಿನ ಬುಡಕ್ಕೆ ತಂದಾಗ, ಅಲ್ಲೇ ಕೂತಿದ್ದ ಹುಲಿಯಮ್ಮ ಕೈ ಚಾಚಿದಳು. ಅವನು ರಾಮಪ್ಪನ ಕಡೆ ನೋಡಿದ. ಕೊಡು ಎಂದ ರಾಮಪ್ಪ. ಅವಳು ಹಿತ್ತಾಳೆಯ ಹಿಡಿಯನ್ನು ಎರಡೂ ಕೈಯಿಂದ ನೆಲಕ್ಕೆ ಒತ್ತಿ ಹಿಡಿದಳು. ಆಳು ಇನ್ನೊಂದು ತುದಿ ಹಿಡಿದು ಕಬ್ಬಿನ ಗರಿ ಸರಿಸುತ್ತಾ ಮೂಲೆಗೆ ಹೋದ, ಜೊತೆಗೆ ರಾಮಪ್ಪ. ಸರಪಳಿ ನೆಲದಿಂದ ಎದ್ದು, ಕೊಂಡಿಗೆ ಕೊಂಡಿ ಬಿಗಿದು, ನೆಟ್ಟಗೆ ನಿಂತಿತು. ಒಂದು ಸರಪಳಿಯೂ ಆಗಲಿಲ್ಲ.

"ಹದಿಮೂರಾಣೆ," ಎಂದು ಆಚೆಯಿಂದ ರಾಮಪ್ಪ ಕೂಗಿದ. ಹದಿನಾರಾಣೆಗೆ ಒಂದು ಸರಪಳಿ; ಬುಟ್ಟಿ ಹೊತ್ತು ಬಂದವನಿಗೆ ಆರನೇ ಮೂಲೆಗೆ ಉಳಿದಿದ್ದು ಗಂಡಸಿನ ಕಾಲಿಗೆ ಹತ್ತು ಹನ್ನೊಂದು ಹೆಜ್ಜೆ.

ಬರೆದುಕೊಂಡಾಯಿತು, ಬಿಡಮ್ಮ ಎಂದ ಆಳು. ಕಬ್ಬಿನ ಗರಿಗಳ ನಡುವೆ ಸರಪಳಿ ಬಿಸಿಲಿಗೆ ಹೊಳೆಯುತ್ತಿತ್ತು. ಅವಳು ಇನ್ನೂ ಒತ್ತಿ ಹಿಡಿದೇ ಇದ್ದಳು. ಆ ತುದಿಯಲ್ಲಿ ಆಳೂ ಬಿಡದೆ ಎಳೆದು ನಿಂತ.